ನೋಡದೆ ಹಾಕಿದ ರುಜು

ಹೊಂಗೇಕುಂಟೆ, ಮಾಗಡಿ ರಸ್ತೆ, ಬೆಂಗಳೂರು
6 ಮೇ 1956

ಅಳಿಯಂದಿರಾದ ಚಿರಂಜೀವಿ ವೆಂಕಟೇಶರಿಗೆ ಮಾವ ಬೈರಯ್ಯನ ಆಶೀರ್ವಾದ.

ಕಾಗದದ ತಲೆಯ ಮೇಲೆ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯುವುದು ರೂಢಿ. ಈ ಸಲ ಆ ಸಾಲನ್ನು ಬಿಟ್ಟಿದ್ದೇನೆ. ಯಾಕೆ ಎಂದು ಕೆಳಗೆ ಓದಿ.

ನಿಮ್ಮ ಕಾಗದ ಬಂತು. ಲಕ್ಕವಳ್ಳಿ ಡ್ಯಾಮಿನ ಕ್ಯಾಂಪಿನಲ್ಲಿ ಕ್ವಾರ್ಟರ್ಸು ಸಿಕ್ಕಿತು, ನಿಮ್ಮ ತಾಯಿ ಬೋರಮ್ಮನವರೂ ಬಂದು ಸೇರಿಕೊಂಡರು, ಇಂದ್ರಮ್ಮನಿಗೆ ಆರು ತಿಂಗಳು ತುಂಬಿತು, ಜೂನಿನಲ್ಲಿ ಹೆರಿಗೆಗೆ ಕಳಿಸುತ್ತೇವೆ ಎಂದು ಬರೆದಿದ್ದೀರಿ. ಅಷ್ಟು ಓದಿದ್ದೇ ತಡ, ನನ್ನ ಹೆಂಡತಿ ಪಾಪಮ್ಮ ದೇವರ ಮುಂದೆ ದೀಪ ಹಚ್ಚಿದಳು. ನಾನು ಎದ್ದು ಹೋಗಿ ಹಿತ್ತಲಲ್ಲಿ ನಿಂತೆ.

ಸುತ್ತಿ ಬಳಸಿ ಹೇಳಲಾರೆ. ನನ್ನ ಮಗಳನ್ನು ಇಲ್ಲಿಗೆ ಕಳಿಸಬೇಡಿ. ಹೆರಿಗೆ ಅಲ್ಲೇ ಆಗಲಿ.

ಕಾರಣ ಪಂಪ್‌ಹೌಸು. ನಮ್ಮ ಊರಿನ ಹೊಲ ತೆಗೆದುಕೊಂಡು ದಿಣ್ಣೆಯ ಮೇಲೆ ಬಡಾವಣೆ ಕಟ್ಟಿದರು. ಆ ಮನೆಗಳ ಕಕ್ಕಸು ಬಚ್ಚಲಿನ ನೀರೆಲ್ಲ ಇಳಿದು ನಮ್ಮ ಹಳ್ಳದಲ್ಲಿರುವ ಮೋರಿ ಬಾವಿಗೆ ಬರುತ್ತದೆ. ಅದನ್ನು ಎತ್ತಿ ಆಚೆಯ ದಿಣ್ಣೆ ದಾಟಿಸಿ ದೊಡ್ಡ ಮೋರಿಗೆ ಬಿಡುವುದು ಪಂಪಿನ ಕೆಲಸ. ಪಂಪು ಓಡಿಸುವುದು ನನ್ನ ಕೆಲಸ. ಹೊಲ ಕಳೆದುಕೊಂಡವನು ಎಂದು ಕನಿಕರಪಟ್ಟು ಕೊಟ್ಟ ಕೆಲಸ. ಮೊದಲು ರಾಗಿ ಬೆಳೆಯುತ್ತಿದ್ದೆ, ಈಗ ಅವರು ತಿಂದು ಅರಗಿಸಿದ ರಾಗಿಯನ್ನು ಸಾಗಿಸುತ್ತಿದ್ದೇನೆ.

ಯುಗಾದಿಯಿಂದ ಈಚೆಗೆ ಪಂಪು ದಿನಕ್ಕೆ ಮೂರು ಸಲ ನಿಲ್ಲುತ್ತದೆ. ನಿಂತ ಅರ್ಧ ಗಂಟೆಗೆ ಮೋರಿ ಬಾವಿ ಉಕ್ಕಿ ಊರ ಕುಂಟೆಯ ನೀರಿಗೆ ಹರಿಯುತ್ತದೆ. ಕುಂಟೆಯ ಪಕ್ಕದಲ್ಲೇ ನಾವು ಕುಡಿಯುವ ನೀರಿನ ಬಾವಿ. ಹೋದ ವಾರ ಕೊಡ ಎತ್ತಿದರೆ ನೀರಿನ ಮೇಲೆ ನೊರೆ. ಪಾಪಮ್ಮ ಮೂಗಿಗೆ ಸೆರಗು ಹಿಡಿದು, ಬಟ್ಟೆಯಲ್ಲಿ ಸೋಸಿ, ಕಾಯಿಸುತ್ತಾಳೆ. ಬಾಣಂತಿಗೂ ಹಸುಗೂಸಿಗೂ ಅದೇ ನೀರನ್ನು ಕೊಡಲೇ?

ಹೊಸ ಪಂಪು ಬೇಕೆಂದು ನಾಲ್ಕು ಅರ್ಜಿ ಹಾಕಿದ್ದೇನೆ. ಸೂಪರ್‌ವೈಸರ್ ಸೇತುರಾಮಯ್ಯನವರು ಪ್ರತಿ ಸಲವೂ ಅದೇ ಫೈಲು ಬಿಚ್ಚಿ ಅದೇ ಕಾಗದ ತೋರಿಸುತ್ತಾರೆ. ‘ಪಂಪು ಸುಸ್ಥಿತಿಯಲ್ಲಿದೆ. ಐದು ವರ್ಷ ಬದಲಾಯಿಸುವ ಅಗತ್ಯವಿಲ್ಲ’ ಎಂದು ಅದರಲ್ಲಿದೆ. ಕೆಳಗೆ ರುಜು. ಯಾರ ರುಜು ಎಂದು ನಿಮಗೆ ನೆನಪಿರಬೇಕು. ನಮ್ಮ ಕಡೆ ಅಳಿಯನ ಹೆಸರನ್ನು ಇಂಥ ಸಾಲಿನಲ್ಲಿ ಬರೆಯುವುದಿಲ್ಲ, ಆದ್ದರಿಂದ ಬರೆದಿಲ್ಲ.

ಏನು ಮಾಡಬೇಕೆಂದು ಯೋಚಿಸಿ ತಿಳಿಸಿ.

ನಿಮ್ಮ ಮಾವ,
ಬೈರಯ್ಯ


ಲಕ್ಕವಳ್ಳಿ ಕ್ಯಾಂಪು
17 ಮೇ 1956

ಪೂಜ್ಯ ಮಾವನವರಿಗೆ ವೆಂಕಟೇಶನ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಬೇಕಾಯಿತು. ನಾಲ್ಕು ಸಾಲು ಬಿಟ್ಟು ಓದಿದೆ. ಅವಳಿಗೆ ಅಕ್ಷರ ಬಾರದಿದ್ದರೂ ಬಿಟ್ಟದ್ದು ಮಾತ್ರ ತಿಳಿಯುತ್ತದೆ. “ಚೊಚ್ಚಲ ಹೆರಿಗೆಗೆ ಬರಬೇಡ ಅಂದ ತವರನ್ನ ನಾನು ಈ ಕಣ್ಣಲ್ಲಿ ಕಂಡಿಲ್ಲ ಕಣೋ. ಅವರ ಪಂಪು ಕೆಟ್ಟಿದ್ಯೋ ಮನಸ್ಸು ಕೆಟ್ಟಿದ್ಯೋ ಕೇಳು” ಎಂದಳು. ಅಕ್ಕಪಕ್ಕದ ಕ್ವಾರ್ಟರ್ಸಿನವರು ಕೇಳಿದರೆ ನಾನು ಏನು ಹೇಳಲಿ? ನನ್ನ ಮಾವನ ಊರಿನಲ್ಲಿ ಮೋರಿ ಉಕ್ಕುತ್ತದೆ ಎನ್ನಲೇ?

ಪಂಪಿನ ವಿಷಯ. ನೀವು ಹೇಳುವ ಪ್ರಮಾಣಪತ್ರ ನವೆಂಬರಿನದು. ಪಂಪು ಕೆಟ್ಟದ್ದು ಏಪ್ರಿಲಿನಲ್ಲಿ. ನಡುವೆ ಐದು ತಿಂಗಳು ಅದು ಇದ್ದದ್ದು ನಿಮ್ಮ ವಶದಲ್ಲಿ. ಸಕಾಲಕ್ಕೆ ಎಣ್ಣೆ ಗ್ರೀಸು ಹಾಕಿದ್ದರೆ ಯಂತ್ರ ಹೀಗಾಗುವುದಿಲ್ಲ ಎಂದು ಕಚೇರಿಯವರು ಕೇಳಬಹುದು. ನಾನು ಕೇಳುತ್ತಿಲ್ಲ, ಅವರು ಕೇಳಬಹುದು ಎನ್ನುತ್ತಿದ್ದೇನೆ. ಆದ್ದರಿಂದ ಹಳೆಯ ಕಾಗದವನ್ನು ಕೆದಕುವುದು ನಿಮಗೂ ಒಳ್ಳೆಯದಲ್ಲ.

ಇಂದ್ರ ಜೂನ್ 20ಕ್ಕೆ ಅಮ್ಮನ ಜೊತೆ ಹೊರಡುತ್ತಾಳೆ. ಅಮ್ಮ ಅವಳನ್ನು ಬಿಟ್ಟು, ನಾಲ್ಕು ದಿನ ಇದ್ದು ಬರುತ್ತಾಳೆ. ಅತ್ತೆಯವರಿಗೆ ನಮಸ್ಕಾರ ತಿಳಿಸಿ.

ಇಂತು ತಮ್ಮ ವಿಧೇಯ,
ವೆಂಕಟೇಶ


ಹೊಂಗೇಕುಂಟೆ
26 ಮೇ 1956

ವೆಂಕಟೇಶ,

‘ನೀವು’ ಎಂದು ಬರೆಯಲು ಎರಡು ಸಲ ಕೂತೆ. ಕೈ ಬರಲಿಲ್ಲ.

ಎಣ್ಣೆ ಹಾಕಲಿಲ್ಲ ಎನ್ನುತ್ತೀಯ. ಎಣ್ಣೆ ಕೊಡಬೇಕಾದ್ದು ಕಚೇರಿ. ಸಂಕ್ರಾಂತಿಯಿಂದ ಒಂದು ತೊಟ್ಟು ಕೊಟ್ಟಿಲ್ಲ. ಪಾಪಮ್ಮ ತಲೆಗೆಂದು ಇಟ್ಟುಕೊಂಡ ಹರಳೆಣ್ಣೆ ಡಬ್ಬಿಯನ್ನು ನಾನು ಆ ಪಂಪಿಗೆ ಬಸಿದು ಬರಿದು ಮಾಡಿದ್ದೇನೆ. ಹೆತ್ತ ಮಗುವಿಗೂ ಅಷ್ಟು ಎಣ್ಣೆ ತಿಕ್ಕಿಲ್ಲ.

ಈಗ ಹೋದ ದೀಪಾವಳಿಯ ಕಥೆ ಹೇಳುತ್ತೇನೆ. ನಿನಗೆ ಗೊತ್ತಿರುವ ಕಥೆಯೇ. ಆದರೂ ಬೇರೆಯವರ ಕೈಲಿ ಬರೆದದ್ದನ್ನು ಒಮ್ಮೆ ಓದು.

ನೀನು ಆಗ ಇದೇ ಕಚೇರಿಯಲ್ಲಿ ಓವರ್‌ಸಿಯರ್. ಹೊಂಗೇಕುಂಟೆ ಪಂಪು ನೋಡಿ ವರದಿ ಕೊಡು ಎಂದು ನಿನಗೆ ಆರ್ಡರು ಬಂತು. ಮದುವೆಯಾದ ಮೊದಲ ದೀಪಾವಳಿಗೆ ಹೇಗೂ ಮಾವನ ಮನೆಗೆ ಹೋಗುವುದಿದೆ, ಎರಡೂ ಒಟ್ಟಿಗೆ ಆಗಲಿ ಎಂದು ಬಂದೆ. ಬೆಳಿಗ್ಗೆ ಎಣ್ಣೆ ನೀರು ಹಾಕಿದೆವು. ನಾನು ತಂದಿಟ್ಟ ಹೊಸ ಪಂಚೆಯನ್ನು ನೀನು ಉಟ್ಟೆ. ಆಮೇಲೆ “ಮಾವ, ಪಂಪು ನೋಡ್ಕೊಂಡು ಬಂದ್ಬಿಡೋಣ” ಎಂದೆ. ಎಂದದ್ದು ನಿಜ, ಇಲ್ಲ ಎನ್ನುವುದಿಲ್ಲ.

ಇಪ್ಪತ್ತೆರಡು ಮೆಟ್ಟಿಲು ಇಳಿಯಬೇಕು. ಕೆಳಗೆ ಮೊಣಕಾಲುದ್ದ ಹೊಲಸು. ಎಣ್ಣೆ ಸ್ನಾನ ಮಾಡಿ, ಹೊಸ ಪಂಚೆ ಉಟ್ಟ ಅಳಿಯನನ್ನು ಹಬ್ಬದ ದಿನ ಹೇಲಿನ ಬಾವಿಗೆ ಇಳಿಸಿದ ಮಾವ ಎಂದು ಊರು ಮೂರು ತಲೆಮಾರು ಆಡಿಕೊಳ್ಳುತ್ತಿತ್ತು. “ಕೂತ್ಕೊಳ್ಳಿ ಅಳಿಯಂದ್ರೆ, ಪಂಪು ಎಲ್ಲೂ ಓಡಿ ಹೋಗಲ್ಲ. ಮೈ ಬಿರುಕು ಬಿಟ್ಟಿತ್ತು. ನಮ್ಮ ಕಮ್ಮಾರ ಚಿಕ್ಕಮುನಿಯಪ್ಪನ ಕೈಲಿ ಗಾಡಿ ಚಕ್ರದ ಕಬ್ಬಿಣದ ಪಟ್ಟೆ ಕಾಯಿಸಿ ಹೊಡೆಸಿದೀನಿ. ಐದು ವರ್ಷ ಅಲ್ಲಾಡಲ್ಲ” ಎಂದೆ ನಾನು. ಆ ಪಟ್ಟೆಯ ಮೇಲೆ ನನಗೆ ಅಷ್ಟು ಹೆಮ್ಮೆ. ನೀನು ನಕ್ಕೆ. ಜಗಲಿಯ ಮೇಲೆ ಕೂತು ಐದು ವರ್ಷ ಎಂದೇ ಬರೆದೆ. ಬಾಯಲ್ಲಿ ಒಬ್ಬಟ್ಟು ಇತ್ತು. ಮಸಿ ಕುಡಿಕೆ ಹಿಡಿದು ನಿಂತವನು ನಾನು.

ಆ ಮಸಿಯಲ್ಲಿ ನನ್ನ ಪಾಲೂ ಇದೆ. ಆದರೆ ಒಂದು ಮಾತು. ನಾನು ಮಾವ, ತಡೆಯುವುದು ನನ್ನ ಕೆಲಸ. ನೀನು ಓವರ್‌ಸಿಯರ್, ಇಳಿಯುವುದು ನಿನ್ನ ಕೆಲಸ. ನಾನು ನನ್ನ ಕೆಲಸ ಮಾಡಿದೆ.

ಮೊನ್ನೆ ಐದನೇ ಅರ್ಜಿ ಹಿಡಿದು ಹೋದೆ. ಸೇತುರಾಮಯ್ಯ ನಶ್ಯ ಏರಿಸಿಕೊಂಡು, “ಏನ್ರೀ ಬೈರಯ್ಯ, ನಿಮ್ಮ ಅಳಿಯ ಬರೆದಿರೋದು ಸುಳ್ಳು ಅಂತೀರಾ? ಹಾಗಂತ ಒಂದು ಸಾಲು ಬರ್ಕೊಡಿ. ಅವನ ಮೇಲೆ ವಿಚಾರಣೆ ಹಾಕ್ತೀವಿ, ನಿಮಗೆ ಪಂಪು ತರಿಸ್ತೀವಿ. ಬೇಕಾ?” ಎಂದರು. ಕಚೇರಿಯಲ್ಲಿದ್ದವರೆಲ್ಲ ತಲೆ ತಗ್ಗಿಸಿ ನಕ್ಕರು. ಮಗಳನ್ನು ಕೊಟ್ಟವನು ಹಾಗೆ ಬರೆದುಕೊಡುವುದಿಲ್ಲ ಎಂದು ಆತನಿಗೆ ಚೆನ್ನಾಗಿ ಗೊತ್ತು. ನನ್ನ ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಜೇಬಿಗೇ ಹಾಕಿ ಕಳಿಸಿದ.

ಊರಲ್ಲಿ ಬಾವಿಯ ಹತ್ತಿರ ಹೋಗುವ ಹಾಗಿಲ್ಲ. ಕೃಷ್ಣಪ್ಪ ಹಗ್ಗ ಬಿಡುತ್ತಾ, “ಬೈರಣ್ಣನ ಅಳಿಯ ದೊಡ್ಡ ಮನುಷ್ಯ ಕಣ್ರಪ್ಪ, ಜಗಲಿ ಮೇಲೆ ಕೂತೇ ಬಾವಿ ತಳ ಕಂಡೋನು” ಎನ್ನುತ್ತಾನೆ. ನಗುವವರು ನಗುತ್ತಾರೆ. ಕೊಡ ತುಂಬಿಕೊಂಡು ಮೂಸಿ ನೋಡಿ ಚೆಲ್ಲುವ ಹೆಂಗಸರು ಮಾತ್ರ ನಗುವುದಿಲ್ಲ.

ನಾನು ಬರೆದರೆ ಅದು ಚಾಡಿ. ನೀನೇ ಬರೆದರೆ ಅದು ಸತ್ಯ. ‘ನಾನು ಇಳಿಯಲಿಲ್ಲ, ನೋಡಲಿಲ್ಲ’ ಎಂದು ಕಚೇರಿಗೆ ಬರೆ. ಅಲ್ಲಿಯವರೆಗೆ ನನ್ನ ಮಗಳು ಇಲ್ಲಿಗೆ ಬರುವುದು ಬೇಡ.

ಬೈರಯ್ಯ


(ಕಾರ್ಡು)
ಲಕ್ಕವಳ್ಳಿ ಕ್ಯಾಂಪು
5 ಜೂನ್ 1956

ಮಾವನವರಿಗೆ ನಮಸ್ಕಾರ. ಕಾಗದ ತಲುಪಿತು. ಆಗಸ್ಟಿನಲ್ಲಿ ನನ್ನ ಕೆಲಸ ಖಾಯಂ ಆಗುವುದಿದೆ. ನೀವು ಕೇಳಿದ್ದನ್ನು ಬರೆದರೆ ಖಾಯಮ್ಮಿನ ಮಾತು ಹಾಗಿರಲಿ, ಇರುವುದೂ ಉಳಿಯುವುದಿಲ್ಲ. ಮಗಳ ಗಂಡ ಮನೆಯಲ್ಲಿ ಕೂತರೆ ನಿಮಗೆ ಸಮಾಧಾನವಾಗುವುದೇ? ನೀರನ್ನು ಕಾಯಿಸಿ ಕುಡಿದರೆ ಯಾರಿಗೂ ಏನೂ ಆಗುವುದಿಲ್ಲ. 20ರಂದು ಅಮ್ಮ, ಇಂದ್ರ ಹೊರಡುತ್ತಾರೆ. ಈ ವಿಷಯ ಇಲ್ಲಿಗೆ ಮುಗಿಯಲಿ.

ವೆಂಕಟೇಶ


ಲಕ್ಕವಳ್ಳಿ
10 ಜೂನ್ 1956

ಅಪ್ಪನಿಗೆ ಇಂದ್ರಮ್ಮನ ನಮಸ್ಕಾರ.

ನೀವು ಬರೆದ ಕಾಗದಗಳನ್ನು ಅವರು ಟ್ರಂಕಿನಲ್ಲಿ, ಬಟ್ಟೆಯ ಅಡಿಯಲ್ಲಿ ಇಡುತ್ತಾರೆ. ನನ್ನ ಸೀರೆಗಳೂ ಅದೇ ಟ್ರಂಕಿನಲ್ಲಿವೆ ಎಂಬುದು ಅವರಿಗೆ ಹೊಳೆದಿಲ್ಲ. ಎಲ್ಲವನ್ನೂ ಓದಿದೆ.

ಒಂದು ವಿಷಯವನ್ನು ನೀವಿಬ್ಬರೂ ಬರೆದಿಲ್ಲ. ಆ ದಿನ ಅವರು ಪಂಪು ನೋಡುತ್ತೇನೆ ಎಂದು ಎದ್ದಾಗ, ಬಾಗಿಲಲ್ಲಿ ನಿಂತು “ಪಂಚೆ ಹಾಳಾಗುತ್ತೆ ರೀ” ಎಂದವಳು ನಾನು. ಹೊಸ ಮದುಮಗಳ ಮಾತು, ಅವರು ಕೂತರು. ನೀವು ಅದನ್ನು ಮರೆತಿರೋ, ಬೇಕೆಂದು ಬಿಟ್ಟಿರೋ ಕಾಣೆ. ಬಿಟ್ಟಿದ್ದರೆ ಇನ್ನು ಮುಂದೆ ನನಗೆ ಆ ಉಪಕಾರ ಮಾಡಬೇಡಿ. ನನಗೆ ನಿಮ್ಮಿಬ್ಬರ ಮೇಲೂ ಕೋಪ ಬಂದಿದೆ, ನನ್ನ ಮೇಲೂ ಬಂದಿದೆ. ಮೂರು ಜನ ಸೇರಿ ಒಂದು ಪಂಚೆಯನ್ನು ಕಾಪಾಡಿದೆವು. ಈಗ ನೀವು ಅವರನ್ನು ಬೈದು ಬರೆಯುತ್ತೀರಿ, ಅವರು ಎಣ್ಣೆ ಗ್ರೀಸು ಎಂದು ಬರೆಯುತ್ತಾರೆ, ಹೊಟ್ಟೆಯಲ್ಲಿರುವುದು ಮಾತ್ರ ಯಾರಿಗೂ ಕಾಯುವುದಿಲ್ಲ.

ನಿನ್ನೆ ಅವರಿಗೆ ಊಟ ಬಡಿಸುವಾಗ ಕೇಳಿದೆ. “ಅಲ್ಲಿನ ನೀರು ಚೆನ್ನಾಗಿದೆ, ನನ್ನ ಹೆಂಡತಿ ಮಗು ಕುಡಿಯಬಹುದು ಅಂತ ಒಂದು ಕಾಗದದಲ್ಲಿ ಬರೆದು ರುಜು ಹಾಕಿ ಕೊಡಿ” ಎಂದೆ. ತಟ್ಟೆಯಲ್ಲಿದ್ದ ಮುದ್ದೆಯನ್ನು ಮುರಿಯದೆ ಎದ್ದು ಕೆಲಸಕ್ಕೆ ಹೋದರು.

ಬರಬೇಡ ಎಂದು ನೀವು ಇನ್ನು ಬರೆಯಬೇಡಿ. ಬರುತ್ತೇನೆ. ನಾನು ಬರದಿದ್ದರೆ ಅವರ ಪಾಲಿಗೆ ಆ ಪಂಪು ಬೆಂಗಳೂರಿನಲ್ಲಿ ಎಲ್ಲೋ ಇದೆ, ಅಷ್ಟೇ. ಬಂದರೆ ಅದು ಅವರ ಮನೆಯೊಳಗೆ ಬರುತ್ತದೆ. ದಿಣ್ಣೆಯ ಮೇಲಿನ ಬಡಾವಣೆಯಲ್ಲಿ ನಲ್ಲಿ ಇದೆಯಲ್ಲ, ಅಲ್ಲಿಂದ ದಿನಕ್ಕೆ ಎರಡು ಕೊಡ ನೀರು ನನಗೆ ತಂದುಕೊಡಿ. ಬಾವಿಯ ನೀರನ್ನು ನಾನು ಮುಟ್ಟುವುದಿಲ್ಲ. ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಬೇಡಿ.

ನಿಮ್ಮ ಮಗಳು,
ಇಂದ್ರಮ್ಮ


ಹೊಂಗೇಕುಂಟೆ
22 ಜುಲೈ 1956

ಮಗ ವೆಂಕಟೇಶನಿಗೆ ನಿನ್ನ ತಾಯಿ ಬೋರಮ್ಮ ಹೇಳಿ ಬರೆಸುವುದು.

ಬರೀತಾ ಇರೋದು ನಿನ್ನ ಮಾವ. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು, ನಿನ್ನ ಹಾಗೆ ನಡುನಡುವೆ ನುಂಗಬಾರದು ಅಂತ ಇಲ್ಲಿನ ಊರದೇವತೆ ಪಟಾಲಮ್ಮನ ಮೇಲೆ ಆಣೆ ಇಡಿಸಿದೀನಿ. (ಇಟ್ಟಿದ್ದೇನೆ. - ಬೈರಯ್ಯ)

ನಾಲ್ಕು ದಿನಕ್ಕೆ ಅಂತ ಬಂದೋಳು ಒಂದು ತಿಂಗಳಾಯ್ತು, ಯಾಕೆ ಬರ್ಲಿಲ್ಲ ಅಂತ ಕೇಳಿದೀಯ. ಕೇಳು ಹೇಳ್ತೀನಿ. ಈ ಬೀಗ್ರನ್ನ ಚೆನ್ನಾಗಿ ಬೈಯ್ಬೇಕು ಅಂತ ತರೀಕೆರೆಯಿಂದ ಬೆಂಗಳೂರಿನ ತನಕ ರೈಲಲ್ಲಿ ಮಾತು ಜೋಡಿಸ್ಕೊಂಡು ಬಂದೆ. ಮಾಗಡಿ ರಸ್ತೆ ಬಿಟ್ಟು ಊರಿನ ದಾರಿಗೆ ತಿರುಗಿದೆವು ನೋಡು, ಆ ವಾಸನೆಗೆ ಜೋಡಿಸಿದ ಮಾತೆಲ್ಲ ಉದುರಿಹೋಯ್ತು. ನಿನ್ನ ಹೆಂಡತಿ ಮಾತ್ರ ಸೆರಗನ್ನ ಮೂಗಿಗೆ ಹಿಡೀಲಿಲ್ಲ. ಸೀದಾ ನಡೆದಳು.

ಬೀಗ್ರು ದಿನಾ ಬೆಳಿಗ್ಗೆ ಅಡ್ಡೆ ಹೊತ್ಕೊಂಡು ದಿಣ್ಣೆ ಹತ್ತಿ ಬಡಾವಣೆ ನಲ್ಲೀಲಿ ಎರಡು ಕೊಡ ನೀರು ತರೋರು. ಒಂದು ದಿನ ನಾನೂ ಹೋದೆ. ಅಲ್ಲಿ ವಿಮಲಮ್ಮ ಅಂತ ಒಬ್ಬಾಕೆ, “ಹಳ್ಳಿಯವರಿಗೆಲ್ಲ ಇಲ್ಲಿ ನೀರಿಲ್ಲ ಕಣ್ರೀ, ನಮಗೇ ಸಾಲದು” ಅಂದಳು. “ತಾಯಿ, ನೀವು ಮೇಲಿಂದ ಬಿಡೋದನ್ನ ನಾವು ಒಂದು ದಿನಾನೂ ಬೇಡ ಅಂದಿಲ್ಲ. ಇದೊಂದನ್ನ ನೀವು ಬೇಡ ಅನ್ನಬೇಡಿ” ಅಂದೆ. ಆಕೆ ಮುಖ ಕೆಂಪಾಯ್ತು. ಪಕ್ಕಕ್ಕೆ ಸರಿದು ತಾನೇ ಕೊಡ ಎತ್ತಿಕೊಟ್ಟಳು. ಕೆಟ್ಟೋಳಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಈಗ ನಿನ್ನ ಅತ್ತೆ ಸಮಾಚಾರ. ಎರಡು ಕೊಡ ನೀರು ಬಸುರಿಗೂ ಮನೆಗೂ ಹೇಗೆ ಸಾಲುತ್ತೆ? ಪಾಪಮ್ಮ ನಮಗೆಲ್ಲ ನಲ್ಲಿ ನೀರು ಕೊಟ್ಟು ತಾನು ಬಾವಿ ನೀರು ಕುಡೀತಿದ್ಲು. ಕಾಯಿಸಿ ಕುಡಿಯೋಕೆ ಅವಳಿಗೆ ಪುರುಸೊತ್ತೆಲ್ಲಿತ್ತು. ಯಾರಿಗೂ ಹೇಳ್ಲಿಲ್ಲ. ಟೈಫಾಯಿಡು ಅಂದ್ರು. ಹನ್ನೆರಡು ದಿನದಿಂದ ಆಸ್ಪತ್ರೇಲಿ ಮಲಗಿದಾಳೆ. ಮಗಳ ಬಾಣಂತನಕ್ಕೆ ಅಂತ ಹುರಿದಿಟ್ಟ ಮೆಣಸು ಜೀರಿಗೆ ಡಬ್ಬೀಲಿ ಹಾಗೇ ಇದೆ. ಬಾಣಂತನ ನಾನು ಮಾಡ್ತೀನಿ, ಅದಕ್ಕೇ ಬರ್ಲಿಲ್ಲ.

ಹೋದ ವಾರ ಆ ಚಕ್ರದ ಪಟ್ಟೆ ಕಿತ್ಕೊಂಡು ಹೋಯ್ತು. ಮೂರು ದಿನ ಪಂಪಿಲ್ಲ. ಹೊಲಸು ಹಿತ್ತಲ ಬಾಗಿಲ ತನಕ ಬಂತು. ಕಚೇರಿಯೋರು ಒಂದು ಸೀಮೆಎಣ್ಣೆ ಇಂಜಿನ್ನು ತಂದಿಟ್ಟು ಹೋದ್ರು, ಅದೂ ಕೆಮ್ಮಿ ಕೆಮ್ಮಿ ಕೂತ್ಕೊಂತು. ನಿನ್ನ ಮಾವ ಕುತ್ತಿಗೆ ತನಕ ಇಳಿದು ಪಟ್ಟೆ ಹುಡುಕಿದ್ರು. ಹೆಂಡತಿ ಆಸ್ಪತ್ರೇಲಿ, ಗಂಡ ಅದರೊಳಗೆ.

ಆವತ್ತು ನಾನೂ ಹೋಗಿ ನೋಡಿದೆ ಕಣೋ. ಇಪ್ಪತ್ತೆರಡು ಮೆಟ್ಟಿಲು ಅಂತಾರೆ. ನಾನು ಹನ್ನೊಂದು ಇಳಿದೆ, ಅದರ ಕೆಳಗೆ ಮೆಟ್ಟಿಲು ಕಾಣ್ಲಿಲ್ಲ. ಅರವತ್ತು ವರ್ಷದ ಮುದುಕಿ ಹನ್ನೊಂದು ಇಳಿದಳು. ಓವರ್‌ಸಿಯರ್ ಪರೀಕ್ಷೆ ಪಾಸು ಮಾಡ್ದೋನು ಎಷ್ಟು ಇಳಿದಿದ್ದೆ?

ದೀಪಾವಳಿ ಕಥೆಯೆಲ್ಲ ಇಂದ್ರ ನನಗೆ ಹೇಳಿದಳು. ನಿನ್ನ ಮಾವನೂ ಕಮ್ಮಿ ಇಲ್ಲ. ಅಳಿಯನ ಪಂಚೆ ಉಳಿಸೋಕೆ ಹೋಗಿ ಹೆಂಡತೀನ ಆಸ್ಪತ್ರೆಗೆ ಹಾಕಿದ ಮನುಷ್ಯ. ಬರೀರಿ ಬೀಗ್ರೇ, ಯಾಕೆ ನಿಲ್ಲಿಸಿದ್ರಿ? (ಬರೆದಿದ್ದೇನೆ.) ಹೆಮ್ಮೆ ಅಂತೆ ಹೆಮ್ಮೆ. ಗಾಡಿ ಚಕ್ರದ ಪಟ್ಟೇನ ಗಾಡಿಗೆ ಹಾಕ್ಬೇಕು. ಇದನ್ನೂ ಬರೀರಿ. (ಬರೆದಿದ್ದೇನೆ.)

ಕೆಲಸ ಹೋಗುತ್ತೆ ಅಂತ ಹೆದರ್ತೀಯಂತೆ. ಹೋಗ್ಲಿ. ನಾನು ಕಳೆ ಕಿತ್ತು ನಿನ್ನನ್ನ ಓದಿಸಿದೆ, ಇನ್ನೂ ಬೆರಳು ಗಟ್ಟಿಯಾಗಿವೆ, ನಿನ್ನ ಮಗೂಗೂ ಕಳೆ ಕಿತ್ತೇ ಅನ್ನ ಹಾಕ್ತೀನಿ. ನೀನು ಬರೆಯೋ ತನಕ ನನಗೆ ಕಾಗದ ಹಾಕ್ಬೇಡ. ಹಾಕಿದ್ರೆ ಒಲೆಗೆ ಹಾಕ್ತೀನಿ, ಓದೋಕಂತೂ ಬರಲ್ಲ.

ಕೆಳಗಿರೋದು ನನ್ನ ಹೆಬ್ಬೆಟ್ಟು. ಇಳಿದು ನೋಡಿ ಒತ್ತಿದ್ದು.

ಬೋರಮ್ಮ


ಲಕ್ಕವಳ್ಳಿ ಕ್ಯಾಂಪು
30 ಜುಲೈ 1956

ಮುಖ್ಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೆ,

1955ರ ನವೆಂಬರಿನಲ್ಲಿ ಹೊಂಗೇಕುಂಟೆ ಪಂಪ್‌ಹೌಸಿನ ಬಗ್ಗೆ ನಾನು ಕೊಟ್ಟ ಪ್ರಮಾಣಪತ್ರವನ್ನು ಕುರಿತು ಈ ಹೇಳಿಕೆ.

ಆ ದಿನ ನಾನು ಪಂಪ್‌ಹೌಸಿನ ಒಳಗೆ ಹೋಗಲಿಲ್ಲ. ಮೆಟ್ಟಿಲು ಇಳಿಯಲಿಲ್ಲ. ಪಂಪನ್ನು ಕಣ್ಣಿನಿಂದ ನೋಡಲಿಲ್ಲ. ಅದು ಸುಸ್ಥಿತಿಯಲ್ಲಿದೆ ಎಂಬ ನನ್ನ ಮಾತಿಗೆ ಯಾವ ಆಧಾರವೂ ಇರಲಿಲ್ಲ. ಪಂಪ್ ಡ್ರೈವರ್ ಬೈರಯ್ಯನವರು ಆ ದಿನ ನನಗೆ ಪಂಪು ತೋರಿಸಲು ಸಿದ್ಧರಾಗಿದ್ದರು. ನಾನೇ ಬೇಡವೆಂದೆ. ಈ ತಪ್ಪಿನಲ್ಲಿ ಬೇರೆ ಯಾರ ಪಾಲೂ ಇಲ್ಲ.

ಆ ಪ್ರಮಾಣಪತ್ರವನ್ನು ರದ್ದು ಮಾಡಿ, ಮಳೆ ಬಲಿಯುವ ಮೊದಲು ಹೊಸ ಪಂಪನ್ನು ಹಾಕಿಸಬೇಕೆಂದು ಬೇಡುತ್ತೇನೆ. ನನ್ನ ಮೇಲೆ ಕೈಗೊಳ್ಳುವ ಕ್ರಮಕ್ಕೆ ಬದ್ಧನಾಗಿದ್ದೇನೆ.

ವೆಂಕಟೇಶ, ಓವರ್‌ಸಿಯರ್

(ಪ್ರತಿ: ಬೈರಯ್ಯನವರಿಗೆ. ಮಾವ, ಇದನ್ನು ಅಮ್ಮನಿಗೆ ಓದಿ ಹೇಳಿ. ಏನೂ ಬಿಡಬೇಡಿ.)


ಹೊಂಗೇಕುಂಟೆ
14 ಅಕ್ಟೋಬರ್ 1956

ವೆಂಕಟೇಶನಿಗೆ,

ನಿನ್ನ ಮೂರು ಕಾರ್ಡೂ ಬಂದವು. ನಾನು ಉತ್ತರ ಬರೆಯಲಿಲ್ಲ. ಮಗು ಹುಟ್ಟಿದ ತಂತಿಯನ್ನೂ ಕೃಷ್ಣಪ್ಪನ ಕೈಲಿ ಕೊಡಿಸಿದೆ. ಕೋಪ ಇತ್ತು. ಈಗಲೂ ಇದೆ. ಆದರೂ ವಿಚಾರಣೆ ಮುಗಿಯುವ ತನಕ ಕ್ಯಾಂಪು ಬಿಡಬಾರದೆಂದು ನಿನಗೆ ಆರ್ಡರಾಗಿದೆ, ಹುಟ್ಟಿ ಎರಡು ತಿಂಗಳಾದ ಮಗಳ ಮುಖವನ್ನು ನೀನು ಕಂಡಿಲ್ಲ, ಅದನ್ನು ನೆನೆದು ಬರೆಯಲು ಕೂತಿದ್ದೇನೆ.

ಕೋಪ ಯಾತಕ್ಕೆಂದರೆ, ನೀನು ಎರಡನೇ ಸಲವೂ ಸುಳ್ಳು ಬರೆದೆ. ‘ಬೈರಯ್ಯ ತೋರಿಸಲು ಸಿದ್ಧರಾಗಿದ್ದರು, ನಾನೇ ಬೇಡವೆಂದೆ’ ಎಂದು ಯಾರು ಬರೆಯಹೇಳಿದರು? ನಿನ್ನ ತಾಯಿಗೆ ಓದಿ ಹೇಳಿದೆ. ಆ ಸಾಲು ಬಂದಾಗ ಆಕೆ ನನ್ನ ಮುಖ ನೋಡಿದರು. “ಬೀಗ್ರೇ, ಇದು ಹಾಗಿತ್ತಾ?” ಎಂದರು. ಇಲ್ಲ ಎಂದೆ. “ಮತ್ತೆ ಯಾಕೆ ಕೂತಿದೀರಿ?” ಎಂದರು.

ಎದ್ದು ಕಚೇರಿಗೆ ಹೋದೆ. ಸೇತುರಾಮಯ್ಯ, “ನಿಮ್ಮ ಹೆಸರು ಉಳಿದಿದೆಯಲ್ರೀ, ಮನೆಗೆ ಹೋಗಿ ಸುಮ್ನೆ ಮಲಗಿ” ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ನನ್ನ ಹೇಳಿಕೆ ಬರೆದೆ. ಅಳಿಯ ಇಳಿಯುತ್ತೇನೆಂದ, ನಾನು ಇಳಿಸಲಿಲ್ಲ, ಪಂಪು ಚೆನ್ನಾಗಿದೆ ಎಂದವನು ನಾನು, ಐದು ವರ್ಷ ಎಂದವನೂ ನಾನು. ಎಣ್ಣೆ ಕೊಡದೆ ಇದ್ದದ್ದನ್ನೂ, ಐದು ಅರ್ಜಿಗಳನ್ನು ಮಡಿಸಿಟ್ಟದ್ದನ್ನೂ ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ಸರ್ಕಾರದ ಯಂತ್ರಕ್ಕೆ ಅಪ್ಪಣೆಯಿಲ್ಲದೆ ಚಕ್ರದ ಪಟ್ಟೆ ಹೊಡೆಸಿದ ಕಾರಣಕ್ಕೆ ನನ್ನನ್ನು ಕೆಲಸದಿಂದ ತೆಗೆದಿದ್ದಾರೆ. ಅರ್ಜಿಗಳ ಮಾತೇ ಅದರಲ್ಲಿ ಇಲ್ಲ. ಪಟ್ಟೆ ಹಿಡಿದುಕೊಂಡಿದ್ದಷ್ಟು ದಿನ ಅದು ಅವರಿಗೆ ಕಂಡಿರಲಿಲ್ಲ.

ನನ್ನನ್ನು ಉಳಿಸಲು ಹೊರಟೆಯಲ್ಲ, ಅದಕ್ಕೆ ನಾನು ಸಂತೋಷಪಡಬೇಕು. ಪಡಲಾಗುತ್ತಿಲ್ಲ. ನೀನು ನನ್ನನ್ನು ಉಳಿಸುತ್ತಾ, ನಾನು ನಿನ್ನ ಪಂಚೆ ಉಳಿಸುತ್ತಾ ಹೋದರೆ ಈ ಊರಲ್ಲಿ ನೀರು ಕುಡಿಯುವವರು ಉಳಿಯುವುದಿಲ್ಲ.

ಹೊಸ ಪಂಪು ಹೋದ ತಿಂಗಳು ಲಾರಿಯಲ್ಲಿ ಬಂತು. ಒಂದಲ್ಲ, ಎರಡು. ಒಂದು ನಿಂತರೆ ಇನ್ನೊಂದು. ಚಪ್ಪರ ಹಾಕಿ, ಸೇತುರಾಮಯ್ಯನವರಿಗೆ ಹಾರ ಹಾಕಿ, ಅವರ ದೂರದೃಷ್ಟಿಯ ಬಗ್ಗೆ ಭಾಷಣ ಮಾಡಿದರು. ನಾನು ಗೇಟಿನ ಆಚೆ ನಿಂತು ಕೇಳಿದೆ. ಮೋಟಾರಿನ ಸದ್ದು ಚೆನ್ನಾಗಿದೆ. ಬೈಯಲು ಅದರಲ್ಲಿ ಏನೂ ಸಿಗಲಿಲ್ಲ.

ಪಾಪಮ್ಮ ಮನೆಗೆ ಬಂದಿದ್ದಾಳೆ. ತಲೆಗೂದಲು ಉದುರಿದೆ, ಗೋಡೆ ಹಿಡಿದು ನಡೆಯುತ್ತಾಳೆ. ಮೊಮ್ಮಗಳನ್ನು ಎತ್ತಿಕೊಳ್ಳುವ ಶಕ್ತಿ ಇಲ್ಲ, ಪಕ್ಕದಲ್ಲಿ ಮಲಗಿಸಿಕೊಂಡು ನೋಡುತ್ತಾಳೆ.

ಬಾವಿಯ ನೀರನ್ನೆಲ್ಲ ನಾಲ್ಕು ಸಲ ಎತ್ತಿ ಚೆಲ್ಲಿ, ಸುಣ್ಣ ಹಾಕಿ ಆಯಿತು. ವಾಸನೆ ಹೋಗಿಲ್ಲ. ಹೊಸ ಪಂಪು ಬಂದ ಮಾತ್ರಕ್ಕೆ ಹಳೆಯ ಬಾವಿ ತಿರುಗಿ ಬರುವುದಿಲ್ಲ ಎಂದು ಯಾರೂ ಯೋಚಿಸಿರಲಿಲ್ಲ. ಊರಿಗೆ ನಲ್ಲಿ ಹಾಕಿಸಿ ಎಂದು ಎಲ್ಲರೂ ಸೇರಿ ಅರ್ಜಿ ಕೊಟ್ಟೆವು. ಬಾವಿಯ ನೀರು ಕುಡಿಯಲು ಯೋಗ್ಯವೋ ಅಲ್ಲವೋ ನೋಡಿ ಬರೆದು ಬಾ ಎಂದು ಕಚೇರಿಯಿಂದ ನಾಣಿ ಎಂಬ ಗುಮಾಸ್ತನನ್ನು ನಿನ್ನೆ ಕಳಿಸಿದ್ದರು.

ಆತ ಸೈಕಲ್ಲಿನಿಂದ ಇಳಿಯಲೂ ಇಲ್ಲ. ಒಂದು ಕಾಲನ್ನು ಬಾವಿಕಟ್ಟೆಗೆ ಕೊಟ್ಟು, ಹ್ಯಾಂಡಲಿನ ಮೇಲೆ ಕಾಗದ ಇಟ್ಟು, “ಪಂಪು ಹೊಸದು ಬಂತಲ್ಲ, ನೀರು ಸರಿಹೋಗಿರುತ್ತೆ ಅಲ್ವೇನ್ರಪ್ಪ? ಯೋಗ್ಯ ಅಂತ ಹಾಕ್ಲಾ?” ಎಂದ. ಊರವರು ಮುಖ ಮುಖ ನೋಡಿಕೊಂಡರು. ನಿನ್ನ ತಾಯಿ ಬಾವಿಯಿಂದ ಒಂದು ಲೋಟ ನೀರು ಮೊಗೆದು ತಂದು ಆತನ ಮುಂದೆ ಹಿಡಿದರು.

“ಬಾಯಾರಿಕೆ ಇಲ್ಲ ತಾಯಿ” ಎಂದ.

“ಬಾಯಾರಿಕೆಗಲ್ಲಪ್ಪ. ಬರೆಯೋಕೆ.”

ಆತ ಲೋಟ ನೋಡಿದ, ನಮ್ಮನ್ನು ನೋಡಿದ. ಸೈಕಲ್ಲನ್ನು ಮರಕ್ಕೆ ಒರಗಿಸಿ ಬಂದು ಬಾವಿಯೊಳಗೆ ಬಗ್ಗಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಆಮೇಲೆ ‘ಯೋಗ್ಯವಲ್ಲ’ ಎಂದು ಬರೆದು, ಅದನ್ನು ನಮ್ಮೆಲ್ಲರಿಗೂ ಓದಿ ಹೇಳಿ, ರುಜು ಹಾಕಿದ. ಇಪ್ಪತ್ತು ವರ್ಷದ ಹುಡುಗ. ಹೋಗುವಾಗ ನಿನ್ನ ತಾಯಿಗೆ ಕೈ ಮುಗಿದ.

ನಿನ್ನ ವಿಚಾರಣೆ ಈ ತಿಂಗಳ ಕೊನೆಗೆ ಮುಗಿಯುತ್ತದೆ ಎಂದು ಕೇಳಿದೆ. ಕೆಲಸ ಉಳಿಯಲಿ ಹೋಗಲಿ, ಮುಗಿದ ದಿನ ರೈಲು ಹತ್ತು. ನನ್ನದು ಹೋಗಿದೆ, ಮನೆಯಲ್ಲೇ ಸಿಗುತ್ತೇನೆ. ಇಂದ್ರಮ್ಮ ಓಡಿ ಬರುತ್ತಾಳೆ ಎಂದು ಎಣಿಸಬೇಡ. ಅವಳು ನಿನ್ನ ಹತ್ತಿರ ಹೇಗೋ, ನನ್ನ ಹತ್ತಿರವಂತೂ ಮೂರು ತಿಂಗಳಿಂದ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ. ಆದರೆ ಬೆಳಿಗ್ಗೆ ಮಗುವಿಗೆ ನೀರು ಹಾಕಿ, ಒರೆಸಿ, ಬಟ್ಟೆ ಸುತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟು ಒಳಗೆ ಹೋಗುತ್ತಾಳೆ. ನಿನ್ನ ತೊಡೆಯ ಮೇಲೂ ಹಾಗೇ ಇಡುತ್ತಾಳೆ. ಮಾತಿಗೆ ಅವಸರ ಮಾಡದೆ, ಕೂತು ಹಿಡಿದುಕೊ.

ಬೈರಯ್ಯ